ಚೆನ್ನಾಗಿದ್ದಾಗ ತೆಗೆದುಕೊಳ್ಳುವ ಔಷಧಿ

ಅಬ್ಬಾ ತೀರಿಹೋದ ನಲವತ್ತನೆಯ ದಿನದ ಫಾತಿಹಾ ಮುಗಿದ ಮರುದಿನ ಮಧ್ಯಾಹ್ನ, ಚಾಮರಾಜನಗರದ ತವರುಮನೆಯ ನಡುಕೋಣೆಯಲ್ಲಿ ಮಲಗಿದ್ದವಳಿಗೆ ಅವರ ಉಸಿರು ಕೇಳಿಸಿತು.

ಕಿಟಕಿಯ ಸಂದಿಯಲ್ಲಿ ಗಾಳಿ ನುಸುಳುವಾಗ ಬರುವಂಥ ಸಣ್ಣ ಸೀಟಿಯ ಸದ್ದು. ಕೊನೆಯಲ್ಲಿ ಚೂರು ಗೊರಗೊರ. ಆ ಸದ್ದಿನ ಪಕ್ಕದಲ್ಲೇ ಹುಟ್ಟಿ ಬೆಳೆದವಳು ನಾನು, ತಪ್ಪು ತಿಳಿಯಲು ಸಾಧ್ಯವೇ ಇರಲಿಲ್ಲ. ಎದ್ದು ಕೂತೆ. ಅವರು ಮಲಗುತ್ತಿದ್ದ ಮಂಚ ಖಾಲಿಯಿತ್ತು. ಅಮ್ಮಿ ಹಿತ್ತಲಲ್ಲಿ ನೆರೆಮನೆಗಳಿಂದ ತಂದಿದ್ದ ಪಾತ್ರೆಗಳನ್ನು ಬೇರೆ ಮಾಡುತ್ತಿದ್ದರು. ಮನೆಯಲ್ಲಿ ಇನ್ನಾರೂ ಇರಲಿಲ್ಲ. ಮತ್ತೆ ಮಲಗಿದೆ, ಮತ್ತೆ ಕೇಳಿಸಿತು. ಹೆದರಿ ಉಸಿರು ಬಿಗಿಹಿಡಿದು ಆಲಿಸಿದೆ. ಸದ್ದು ನಿಂತಿತು. ಉಸಿರು ಬಿಟ್ಟೆ. ಶುರುವಾಯಿತು.

ಅದು ನನ್ನ ಎದೆಯಿಂದಲೇ ಬರುತ್ತಿತ್ತು.

ಇದನ್ನೆಲ್ಲ ಬರೆಯಬೇಕೇ ಎಂದು ಬಹಳ ಸಲ ಯೋಚಿಸಿದ್ದೇನೆ. ಉಬ್ಬಸ ಏನು ದೊಡ್ಡ ಕಾಯಿಲೆ ಎಂದು ನಗುವವರಿದ್ದಾರೆ. ಆದರೆ ದಿಂಬಿಗೆ ಒರಗಿ ಕೂತು, ಬೆಳಗಾಗುವುದನ್ನೇ ಕಾಯುತ್ತಾ, ಈ ಊರಲ್ಲಿ ಹೀಗೆ ಕೂತಿರುವವಳು ನಾನೊಬ್ಬಳೇ ಎಂದುಕೊಂಡಿರುವ ಯಾರೋ ಇದ್ದೇ ಇರುತ್ತಾರೆ. ಇದು ಅವರಿಗೆ.

ನಮ್ಮದು ಹಾಸಿಗೆ ಮಾಡುವವರ ಮನೆತನ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಬ್ಬಾ ಹತ್ತಿ ಹಿಂಜಿ, ಹಾಸಿಗೆಯ ಗವಸಿಗೆ ತುಂಬಿ, ದಪ್ಪ ಸೂಜಿಯಲ್ಲಿ ಹೊಲಿಯುತ್ತಿದ್ದರು. ಹರದನಹಳ್ಳಿ, ಉಡಿಗಾಲದಿಂದೆಲ್ಲ ಮದುವೆಯ ಹಾಸಿಗೆಗೆ ಜನ ಹುಡುಕಿಕೊಂಡು ಬರುತ್ತಿದ್ದರು. ಹತ್ತಿಯ ಎಳೆಗಳು ಬಿಸಿಲಿನ ಕೋಲಿನಲ್ಲಿ ಹಾರಾಡುತ್ತಾ ನಮ್ಮ ಅನ್ನದ ತಟ್ಟೆಯ ತನಕ ಬರುತ್ತಿದ್ದವು. ಅಬ್ಬಾನ ಹುಬ್ಬು, ಗಡ್ಡ ಸಂಜೆಯ ಹೊತ್ತಿಗೆ ಬೆಳ್ಳಗಾಗಿರುತ್ತಿದ್ದವು. ವಯಸ್ಸಾದ ಮೇಲೆ ಅವು ನಿಜವಾಗಿ ಬೆಳ್ಳಗಾದದ್ದು ಯಾವಾಗ ಎಂದು ನಮಗೆ ಗೊತ್ತಾಗಲೇ ಇಲ್ಲ.

ಮಳೆ ಹಿಡಿದಾಗ ಒಮ್ಮೆ, ಚಳಿ ಬಿದ್ದಾಗ ಒಮ್ಮೆ ಅವರು ಆಸ್ಪತ್ರೆ ಸೇರುವುದು ನಮ್ಮ ಮನೆಯಲ್ಲಿ ಹಬ್ಬದಷ್ಟೇ ಖಚಿತವಾಗಿತ್ತು. ಮೂಗು ಬಾಯಿಗೆ ಮಾಸ್ಕ್ ಹಾಕಿ ಆವಿ ಕೊಡುತ್ತಿದ್ದರು, ಸೂಜಿ ಚುಚ್ಚುತ್ತಿದ್ದರು. ಕೆಲವು ದಿನಕ್ಕೆ ಅಬ್ಬಾ ಎದ್ದು ಕೂತು ಚಹಾ ಕೇಳುತ್ತಿದ್ದರು. ಡಿಸ್ಚಾರ್ಜ್ ಆದ ದಿನವೇ ಮತ್ತೆ ಅಂಗಡಿಯಲ್ಲಿ ಹತ್ತಿಯ ಮೋಡದ ನಡುವೆ ಇರುತ್ತಿದ್ದರು. "ವಾಸಿ ಆಯ್ತಲ್ಲ, ಇನ್ನೇನು" ಎನ್ನುವುದು ಅವರ ಮಾತು. ಮನೆಯಲ್ಲಿ ನಾವು ಆಡುವುದು ಉರ್ದು. ಅದರಲ್ಲೂ ಈ ಮಾತು ಇಷ್ಟೇ ಚಿಕ್ಕದು, ಇಷ್ಟೇ ನಿಶ್ಚಿಂತೆಯದು.

ಕೊನೆಯ ಸಲ ಡಾಕ್ಟರು ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಅಮ್ಮಿ ಆಂಬ್ಯುಲೆನ್ಸಿನಲ್ಲಿ ಅಬ್ಬಾನ ಜೊತೆ ಹೊರಟರು. ಗುಂಡ್ಲುಪೇಟೆಯಿಂದ ನಾನು, ನನ್ನ ಗಂಡ ಇಮ್ತಿಯಾಜ್ ಬೈಕಿನಲ್ಲಿ ಹೊರಟೆವು. ಎರಡು ಊರಿನ ರಸ್ತೆಗಳೂ ನಂಜನಗೂಡಿನಲ್ಲಿ ಕೂಡುತ್ತವೆ. ಅಲ್ಲೇ ರಸ್ತೆ ಬದಿ ನಿಂತು, ಸೈರನ್ನಿನ ಸದ್ದಿಗೆ ಕಿವಿಗೊಟ್ಟು ಕಾದೆವು. ಸದ್ದು ಬರಲಿಲ್ಲ. ಆಂಬ್ಯುಲೆನ್ಸೇ ಬಂತು, ಸಾಮಾನು ಸಾಗಿಸುವ ಗಾಡಿಯಂತೆ ನಿಧಾನವಾಗಿ. ನಮ್ಮನ್ನು ನೋಡಿ ನಿಲ್ಲಿಸಿದ ಡ್ರೈವರ್ ಗಾಜು ಇಳಿಸಿದ. ಹಿಂಬದಿಗೆ ಕೈ ತೋರಿಸಿದ. ಹಿಂದಿನ ಬಾಗಿಲು ತೆರೆದಾಗ ಅಮ್ಮಿ ಇನ್ನೂ ಅಬ್ಬಾನ ಬೆನ್ನು ನೀವುತ್ತಿದ್ದರು.

ಈಗಲೂ ನಂಜನಗೂಡು ದಾಟುವಾಗ ನಾನು ಬಸ್ಸಿನ ಕಿಟಕಿಯ ಕಡೆ ನೋಡುವುದಿಲ್ಲ.

ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರ್. ಇಮ್ತಿಯಾಜ್ ಊರಿನಲ್ಲೇ ಟೈಲರ್ ಅಂಗಡಿ ಇಟ್ಟಿದ್ದಾರೆ. ನಮಗೆ ಒಬ್ಬಳೇ ಮಗಳು, ಸಾನಿಯಾ. ಎದೆಯ ಸೀಟಿಯನ್ನು ನಾನು ಇವರಿಬ್ಬರಿಗೂ ಹೇಳದೆ ಒಂದು ಬೇಸಿಗೆ ಕಳೆದೆ. ಅದು ದುಃಖದಿಂದ ಬಂದದ್ದು, ದುಃಖದ ಜೊತೆಗೇ ಹೋಗುತ್ತದೆ ಎಂದುಕೊಂಡಿದ್ದೆ. ಬಂಡೀಪುರದ ದಾರಿಯುದ್ದಕ್ಕೂ ಚೆಂಡುಹೂವು ಅರಳುವ ಕಾಲ ಬಂತು. ಕೇರಳದಿಂದ ಬಂದವರು ಕಾರು ನಿಲ್ಲಿಸಿ ಹೂವಿನ ಹೊಲದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಆ ದಿನಗಳಲ್ಲಿ, ನಾನು ಎಂಟನೇ ಕ್ಲಾಸಿನ ಮೆಟ್ಟಿಲು ಹತ್ತಿ ಹೋಗಿ ಹಾಜರಿ ಕೂಗಲು ಬಾಯಿ ತೆರೆದೆ. ಹೆಸರು ಹೊರಡಲಿಲ್ಲ. ಮಕ್ಕಳು ತಲೆಯೆತ್ತಿ ನೋಡುತ್ತಿದ್ದರು. ಗಾಳಿ ಒಳಗೆ ಬರುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ. ಉಬ್ಬಸ ಇಲ್ಲದವರಿಗೆ ಇದು ತಿಳಿಯುವುದಿಲ್ಲ. ಉಸಿರು ಸಿಗುವುದಿಲ್ಲ ಎಂದು ಅವರು ತಿಳಿಯುತ್ತಾರೆ. ಸಿಕ್ಕ ಉಸಿರನ್ನು ಬಿಡಲಾಗದೆ ಇರುವುದು ಕಷ್ಟ.

ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿದಾಗ ಮೊದಲು ನೆನಪಾದದ್ದು ಅದರ ವಾಸನೆ. ಅದು ಅಬ್ಬಾನ ಮುಖದ ವಾಸನೆಯಾಗಿತ್ತು.

ಹೆಂಗಸರ ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ಹಂಗಳದ ಪುಟ್ಟತಾಯಮ್ಮ ಇದ್ದರು. ತೆಳ್ಳಗೆ, ಕಪ್ಪಗೆ, ಎಲೆ ಅಡಿಕೆ ಕೆಂಪಿನ ಬಾಯಿ. ನಾನು ದಣಿದು ಮಲಗಲು ಹೋದರೆ ಅವರು ತಮ್ಮ ಹಾಸಿಗೆಯಿಂದಲೇ ಗದರಿದರು.

"ಮಲಿಕ್ಕಬ್ಯಾಡ ಕನವ್ವ. ಮಲಿಕ್ಕಂಡ್ರ ಉಸ್ರು ಇನ್ನೂ ಕಟ್ತದ. ದಿಂಬ ಎದೆಗೆ ಅವಚ್ಕಂಡು ಕುಂತ್ಕೊ. ಹಾಂ, ಅಂಗೆ. ಯಾವೂರವ್ವ ನಿಂದು?"

"ಇದೇ ಊರು. ತವರು ಚಾಮರಾಜನಗರ."

"ನಂಗ ಈ ಆಸ್ಪತ್ರನೇ ತವ್ರು ನೋಡು. ಮಳೆ ಬಿದ್ರ ಬಂದ್ಬುಡ್ತಿನಿ. ಸಿಸ್ಟ್ರಮ್ಮ ನನ್ ಕಂಡೇಟ್ಗೇ ಹಾಸ್ಗ ತೋರುಸ್ತದ, ಎಸ್ರೂ ಕೇಳದಿಲ್ಲ."

ಅವರು ನಕ್ಕರೆ ಕೆಮ್ಮು, ಕೆಮ್ಮಿದರೆ ನಗು. ಊಟದ ಹೊತ್ತಿಗೆ ತಮ್ಮ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕುತ್ತಿದ್ದರು. ಇಮ್ತಿಯಾಜ್ ತಂದ ಗಂಜಿಯನ್ನು ಅವರಿಗೆ ಕೊಡುತ್ತಿದ್ದೆ. "ನಿನ್ ಗಂಡ ಒಳ್ಳೇವ್ನು ಕನಮ್ಮಿ, ಮೂಲೇಲಿ ನಿಂತ್ಕಂಡು ಅಳ್ತಾನ" ಎಂದು ಅವರು ಹೇಳಿದಾಗಲೇ ನನಗೆ ಆ ವಿಷಯ ಗೊತ್ತಾದದ್ದು.

ಬಿಡುಗಡೆಯ ದಿನ ಡಾಕ್ಟರಮ್ಮ ಒಂದು ಪಂಪು, ಅಂದರೆ ಇನ್ಹೇಲರ್, ಬರೆದುಕೊಟ್ಟರು. ದಿನಾ ಎರಡು ಹೊತ್ತು ಎಳೆದುಕೊಂಡು ಬಾಯಿ ಮುಕ್ಕಳಿಸಬೇಕು, ಚೆನ್ನಾಗಿದ್ದರೂ ನಿಲ್ಲಿಸಬಾರದು ಎಂದರು. ಪುಟ್ಟತಾಯಮ್ಮನಿಗೂ ಅದೇ ಔಷಧಿ. ಅವರು ನನ್ನ ಕೈಲಿದ್ದುದನ್ನು ನೋಡಿ ಗುಟ್ಟು ಹೇಳುವವರ ಹಾಗೆ ಬಾಗಿದರು.

"ನಂತಾವೂ ಒಂದದ. ಇನ್ನೂ ತುಂಬ್ಕಂಡದ ಕನವ್ವ. ಡಬ್ಬೀಲಿ ಮಡಗಿವ್ನಿ. ಉಸ್ರು ಚೆಂದಾಗದಲ್ಲ, ಸುಮ್ನ ಯಾಕ ಖಾಲಿ ಮಾಡದು? ತೀರಾ ಕಷ್ಟ ಬಂದಾಗ ಆಯ್ತದ."

ಎಷ್ಟು ಜಾಣತನದ ಮಾತು ಅನ್ನಿಸಿತ್ತು ನನಗೆ ಆಗ.

ಅಮ್ಮಿ ನನ್ನನ್ನು ನೋಡಲು ಬಂದವರು ಮೇಜಿನ ಮೇಲಿದ್ದ ಪಂಪನ್ನು ಕಂಡು, ಅದರ ಮೇಲೆ ತಮ್ಮ ಕರವಸ್ತ್ರ ಹಾಕಿ ಮುಚ್ಚಿದರು.

"ಇದನ್ನ ಹಿಡಿದರೆ ಆಯುಷ್ಯಪೂರ್ತಿ ಬಿಡೋಕಾಗಲ್ಲ. ಎಲ್ಲರೂ ಹೇಳ್ತಾರೆ."

"ಅಮ್ಮಿ, ಡಾಕ್ಟರು—"

"ಡಾಕ್ಟರು ನಿನ್ನ ಮಗಳಿಗೆ ಗಂಡು ಹುಡುಕ್ತಾರಾ? ಅಜ್ಜನಿಗೆ ದಮ್ಮು, ಅಮ್ಮನಿಗೆ ದಮ್ಮು ಅಂದರೆ ಯಾರು ಬರ್ತಾರೆ? ನಿನ್ನ ಅಬ್ಬಾಗೂ ಕೊಟ್ಟಿದ್ದರು ಇಂಥದ್ದು. ನಾಲ್ಕು ದಿನ ಎಳೆದರು, ವಾಸಿ ಆಯ್ತು, ಬಿಟ್ಟರು."

ಅವರು ಕೆಟ್ಟದ್ದಕ್ಕೆ ಹೇಳಲಿಲ್ಲ. ಹೆದರಿಕೆಯಿಂದ ಹೇಳಿದರು. ಅವರ ಹೆದರಿಕೆ ನನಗೂ ಇತ್ತು. ಕೆಲವು ವಾರ ಕದ್ದು ಎಳೆದುಕೊಂಡೆ. ಎದೆ ಹಗುರಾಯಿತು, ಮೆಟ್ಟಿಲು ಹತ್ತಿದರೂ ಏದುಸಿರಿಲ್ಲ. ವಾಸಿ ಆಯ್ತಲ್ಲ, ಇನ್ನೇನು ಎಂದುಕೊಂಡೆ. ಹಾಗೆ ಅಂದುಕೊಂಡಾಗ ಅದು ಯಾರ ಮಾತು ಎಂದು ಹೊಳೆಯಲಿಲ್ಲ.

ಚಳಿಗಾಲ ಬಂತು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದ ಮಂಜು ಒಂಬತ್ತಾದರೂ ಊರು ಬಿಡುತ್ತಿರಲಿಲ್ಲ. ಒಂದು ಸಂಜೆ ಬಟ್ಟೆ ಮಡಚುತ್ತಿದ್ದವಳು ಹಾಗೇ ಕುಸಿದೆ. ಸಾನಿಯಾ ನನ್ನ ತುಟಿ ನೋಡಿ, "ಅಮ್ಮಿ, ನಿನ್ನ ಬಾಯಿ ನೇರಳೆ ಹಣ್ಣು ತಿಂದ ಹಾಗಿದೆ" ಎಂದಳು. ಆಮೇಲೆ ಕಿರುಚಿದಳು.

ಮತ್ತೆ ಅದೇ ವಾರ್ಡು. ಅದೇ ಪಕ್ಕದ ಹಾಸಿಗೆಯಲ್ಲಿ ಪುಟ್ಟತಾಯಮ್ಮ. ಆದರೆ ಈ ಸಲ ಅವರು ಗದರಲಿಲ್ಲ. ಕೈಯೆತ್ತಿ, ಬಂದೆಯಾ ಎನ್ನುವಂತೆ ಬೆರಳು ಆಡಿಸಿದರು ಅಷ್ಟೇ. ಎರಡು ಮಾತಿನ ನಡುವೆ ಮೂರು ಉಸಿರು ಎಳೆಯಬೇಕಾಗಿತ್ತು ಅವರಿಗೆ. ಭುಜದ ಎಲುಬುಗಳು ಮೇಲೆದ್ದು ಇಳಿಯುತ್ತಿದ್ದವು. ಡಾಕ್ಟರು, ನರ್ಸುಗಳು ಅವರ ಹತ್ತಿರದಿಂದ ಕದಲುತ್ತಿರಲಿಲ್ಲ. ಮೈಸೂರಿಗೆ ಕಳಿಸುವ ಮಾತೂ ನಡೆದಿತ್ತು.

ಮಾರನೆಯ ಬೆಳಿಗ್ಗೆ ಅವರು ನನ್ನ ಕಡೆ ತಿರುಗಿದರು.

"ಸೊಸಗ ಯೋಳಿವ್ನಿ... ಪಂಪ ತಕ್ಕಬಾ ಅಂತ... ಡಬ್ಬಿಲದ."

"ಬರ್ತಾರೆ ಬಿಡಿ ಅಮ್ಮ. ಮಾತಾಡಬೇಡಿ."

"ಈಗ ಆಯ್ತದ... ಅದು... ಈಗ ಬೇಕಾಯ್ತು ನೋಡು."

ಅವರ ಕೈ ನನ್ನ ಹಾಸಿಗೆಯ ಅಂಚಿಗೆ ಬಂತು. ಹಿಡಿದುಕೊಂಡೆ. ಇಬ್ಬರ ಎದೆಯ ಸೀಟಿಯೂ ಒಟ್ಟಿಗೆ ಕೇಳುತ್ತಿತ್ತು, ಯಾವುದು ಯಾರದೆಂದು ತಿಳಿಯದ ಹಾಗೆ. ಆಸ್ಪತ್ರೆಯ ಕಾಫಿ ಬಂತು. ಲೋಟ ಇಟ್ಟುಹೋದರು. ನರ್ಸು ಓಡಿಬಂದು ಪರದೆ ಎಳೆದರು. ಡಾಕ್ಟರಮ್ಮ ಬಂದರು, ಇನ್ನೊಬ್ಬ ಡಾಕ್ಟರು ಬಂದರು. ನನ್ನ ಕೈಯಿಂದ ಅವರ ಕೈಯನ್ನು ಯಾರೋ ಬಿಡಿಸಿದರು. ಪರದೆಯ ಆ ಕಡೆ ತುಂಬಾ ಸದ್ದಾಯಿತು. ನನಗೆ ಕೇಳಬೇಕಾದ ಸದ್ದೊಂದು ಮಾತ್ರ ಕೇಳಲಿಲ್ಲ. ಕೊನೆಗೆ ಒಂದೇ ಸೀಟಿ ಉಳಿಯಿತು. ಅದು ನನ್ನದು.

ಸೊಸೆ ಮಾದೇವಿ ಹಂಗಳದಿಂದ ಬಸ್ಸು ಹಿಡಿದು ಬರುವ ಹೊತ್ತಿಗೆ ಬಿಸಿಲೇರಿತ್ತು. ಕೈಯಲ್ಲಿ ಮುಚ್ಚಳದ ಸಣ್ಣ ಡಬ್ಬಿ. ಅತ್ತೆಯ ಮುಖದ ಮೇಲಿನ ಬಟ್ಟೆ ಸರಿಸಿ ನೋಡಿ, ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಡಬ್ಬಿ ತೆರೆದಳು. ಪಂಪಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಎರಡು ಲವಂಗ ಇಟ್ಟು, ಬಿಳಿ ಬಟ್ಟೆಯಲ್ಲಿ ಸುತ್ತಿ, ಒಡವೆ ಇಟ್ಟ ಹಾಗೆ ಇಟ್ಟಿದ್ದರು ಪುಟ್ಟತಾಯಮ್ಮ. ಮಾದೇವಿ ಅದನ್ನು ನನ್ನ ಕಡೆ ಚಾಚಿದಳು.

"ಇದ ಏನ್ ಮಾಡದು ಅಕ್ಕ ಈಗ?"

ನಾನು ಏನು ಹೇಳಿದೆನೋ ನೆನಪಿಲ್ಲ. ಅವಳ ಚಾಚಿದ ಕೈ ಮಾತ್ರ ನೆನಪಿದೆ. ಪಾಠ ಮಾಡುವಾಗ, ಒಗ್ಗರಣೆ ಹಾಕುವಾಗ, ನಮಾಜಿಗೆ ಕೂತಾಗ ಆ ಕೈ ನನ್ನ ಮುಂದೆ ಬಂದು ನಿಲ್ಲುತ್ತದೆ.

ಅದೇ ದಿನ ಮಧ್ಯಾಹ್ನ ಡಾಕ್ಟರಮ್ಮ ನನ್ನ ಹಾಸಿಗೆಯ ತುದಿಯಲ್ಲಿ ಕೂತರು. ಅವರೂ ಅತ್ತಿದ್ದರೋ ಏನೋ, ಕಣ್ಣುಗಳು ಕೆಂಪಾಗಿದ್ದವು.

"ನೀವು ಎಷ್ಟು ದಿನ ಪಂಪ್ ತಗೊಂಡ್ರಿ ಟೀಚರ್?"

"ಚೆನ್ನಾಗಿ ಆಗೋ ತನಕ."

"ಎಲ್ಲರೂ ಅಲ್ಲೇ ನಿಲ್ಲಿಸೋದು. ಯಾಕೆಂದ್ರೆ ಈ ಔಷಧಿ ಕೆಲಸ ಮಾಡ್ತಾ ಇದ್ರೆ ಏನೂ ಆಗೋದಿಲ್ಲ. ಏನೂ ಆಗದೆ ಇರೋದು ಯಾರ ಕಣ್ಣಿಗೂ ಕಾಣಲ್ಲ." ಪಕ್ಕದ ಖಾಲಿ ಹಾಸಿಗೆಯ ಕಡೆ ನೋಡಿದರು. "ನನಗೆ ನಿಮ್ಮನ್ನ ಮತ್ತೆ ಈ ವಾರ್ಡಲ್ಲಿ ನೋಡೋಕೆ ಇಷ್ಟ ಇಲ್ಲ. ಹೊರಗೆ ಓಪಿಡಿಗೆ ಬನ್ನಿ. ಚೆನ್ನಾಗಿದ್ದಾಗ ಬನ್ನಿ. ಚೆನ್ನಾಗಿದ್ದೀನಿ ಅಂತ ಹೇಳೋಕೇ ಬನ್ನಿ."

ಮನೆಗೆ ಬಂದ ಮೇಲೆ ಇಮ್ತಿಯಾಜ್ ಮಾತಾಡದೆ ಕೆಲಸ ಹಿಡಿದರು. ಅಬ್ಬಾ ನನ್ನ ಮದುವೆಗೆ ಮಾಡಿಕೊಟ್ಟಿದ್ದ ಹತ್ತಿಯ ಹಾಸಿಗೆಯನ್ನು ಹೊರಗೆ ಹಾಕಬೇಕಾಗಿತ್ತು. ದೂಳು ನನಗೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಇಮ್ತಿಯಾಜ್ ಅದನ್ನು ಬಾಗಿಲ ತನಕ ಎಳೆದು, ಅಲ್ಲಿ ನಿಂತು ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಅದರ ಅಂಚಿನಲ್ಲಿ ಅಬ್ಬಾನ ಹೊಲಿಗೆ ನೆಟ್ಟಗೆ, ಇರುವೆ ಸಾಲಿನ ಹಾಗೆ ಓಡುತ್ತಿತ್ತು. ಆ ದಿನ ನಾನು ಚಾಪೆಯ ಮೇಲೆ ಮಲಗಿ ಬಹಳ ಅತ್ತೆ. ತಂದೆ ಎರಡನೇ ಸಲ ಮನೆಯಿಂದ ಹೊರಟ ಹಾಗಿತ್ತು.

ಬೆಳಿಗ್ಗೆ, ಸಂಜೆ, ಹಲ್ಲುಜ್ಜುವ ಮೊದಲು ಪಂಪು. ರಂಜಾನಿನಲ್ಲಿ ಹೇಗೆಂದು ಡಾಕ್ಟರಮ್ಮನನ್ನು ಕೇಳಿದೆ. ನಸುಕಿನ ಸಹರಿ ಊಟಕ್ಕೊಮ್ಮೆ, ಸಂಜೆ ಇಫ್ತಾರ್ ಆದ ಮೇಲೊಮ್ಮೆ ತಗೊಳ್ಳಿ ಎಂದರು. ಶಾಲೆಯಲ್ಲಿ ಬೋರ್ಡು ಒರೆಸುವಾಗ ಮೂಗಿಗೆ ದುಪಟ್ಟಾ. ಮಳೆಗಾಲಕ್ಕೆ ಮೊದಲು ಒಂದು ಲಸಿಕೆ. ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಒಂದು ಮಳೆಗಾಲ ಬಂತು, ಹೋಯಿತು. ಚೆಂಡುಹೂವು ಅರಳಿತು, ಕೊಯ್ದರು, ಲಾರಿ ತುಂಬಿದರು. ಚಳಿ ಬಂತು, ಮಂಜು ಬಂತು. ನಾನು ಆಸ್ಪತ್ರೆ ಸೇರಲಿಲ್ಲ. ಅದರ ಮುಂದಿನ ವರ್ಷವೂ ಸೇರಲಿಲ್ಲ.

ಆದರೆ ಭಯ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ವಾಸಿಯಾದವರು ಇದನ್ನು ಮುಚ್ಚಿಟ್ಟರೆ ಇನ್ನೂ ಕಾಯುತ್ತಿರುವವರಿಗೆ ಮೋಸ ಮಾಡಿದ ಹಾಗೆ. ಆಸ್ಪತ್ರೆಗೆ ಹೋಗಲು ಎರಡು ಸೀರೆ, ಟವೆಲ್, ಲೋಟ ತುಂಬಿಟ್ಟ ಚೀಲ ಬಾಗಿಲ ಹಿಂದೆ ತುಂಬಾ ಕಾಲ ಹಾಗೇ ಇತ್ತು. ಬಿಚ್ಚಿದರೆ ಉಬ್ಬಸ ಮತ್ತೆ ಬರುತ್ತದೇನೋ ಎಂದು ಹೆದರಿ ಬಿಚ್ಚಲಿಲ್ಲ. ಓಪಿಡಿಯಲ್ಲಿ ಚೀಟಿ ಹಿಡಿದು ಕೂತಾಗ ವಾರ್ಡಿನ ಬಾಗಿಲು ತೆರೆದು ಮುಚ್ಚುವುದು ಕಾಣುತ್ತದೆ. ಒಳಗೆ ಆ ಹಾಸಿಗೆಯಲ್ಲಿ ಯಾರೋ ದಿಂಬು ಅವಚಿ ಕೂತಿರುತ್ತಾರೆ. ಎದ್ದು ಹೋಗಿ ಮಾತಾಡಿಸಬೇಕು ಅನ್ನಿಸುತ್ತದೆ. ಒಮ್ಮೆ ಹೋದೆ ಕೂಡ. ತೆರಕಣಾಂಬಿಯ ಹೆಂಗಸೊಬ್ಬರು. "ಮಲಗಬೇಡಿ, ಕೂತ್ಕೊಳ್ಳಿ" ಎಂದೆ. ನನ್ನ ಬಾಯಿಂದ ಬಂದ ದನಿ ಪುಟ್ಟತಾಯಮ್ಮನದು. ಆಮೇಲೆ ಪಂಪಿನ ಮಾತು ತೆಗೆದೆ. "ಉಸ್ರು ಸರಿಹೋದ್ಮೇಲೂ ಯಾಕ ಬೇಕು?" ಎಂದು ಕೇಳಿದರು. ಹಂಗಳದ ಡಬ್ಬಿಯ ಕಥೆ ಹೇಳಿದೆ. ಅವರು ದಿಂಬನ್ನು ಇನ್ನಷ್ಟು ಅವಚಿಕೊಂಡು, "ಲವಂಗ ಯಾಕ ಮಡಗಿತ್ತು ಆ ತಾಯಿ?" ಎಂದರು.

ಮೊನ್ನೆಯ ಚಳಿಗಾಲದಲ್ಲಿ ಸಾನಿಯಾ ಆಟದಿಂದ ಬಂದು ನನ್ನ ಮಡಿಲಲ್ಲಿ ಬಿದ್ದುಕೊಂಡಳು. ಅವಳ ತಲೆ ಸವರುತ್ತಿದ್ದೆ. ಕೈ ಅಲ್ಲೇ ನಿಂತಿತು.

ಸೀಟಿ.

ಉಸಿರು ಹಿಡಿದೆ, ಅದು ನನ್ನದೇ ಇರಲಿ ಎಂದು ಬೇಡಿಕೊಳ್ಳುತ್ತಾ. ನಾನು ಹಿಡಿದರೂ ಸದ್ದು ನಿಲ್ಲಲಿಲ್ಲ. ಸಣ್ಣಗೆ, ಮಕ್ಕಳ ಪೀಪಿಯ ಹಾಗೆ, ಅವಳ ಬೆನ್ನಿನೊಳಗಿಂದ ಬರುತ್ತಲೇ ಇತ್ತು. ಅಬ್ಬಾ ನನ್ನಲ್ಲಿ ಇಳಿದು, ನನ್ನನ್ನು ದಾಟಿ, ಇವಳ ತನಕ ಬಂದಿದ್ದರು.

"ಏನಮ್ಮಿ?" ಎಂದಳು.

"ಏನಿಲ್ಲ ಬೇಟಾ. ನಾಳೆ ಡಾಕ್ಟರ ಹತ್ರ ಹೋಗಿಬರೋಣ."

"ನನಗೇನೂ ಆಗಿಲ್ಲವಲ್ಲ?"

"ಅದಕ್ಕೇ."

ಮರುದಿನವೇ ಹೋದೆವು. ಡಾಕ್ಟರಮ್ಮ ಅವಳ ಎದೆಯನ್ನು ಬಹಳ ಹೊತ್ತು ಆಲಿಸಿದರು, ಊದಿಸಿ ನೋಡಿದರು. ಉಬ್ಬಸವೇ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬೇಗ ಬಂದಿದ್ದೀರಿ" ಎಂದರು. ನನ್ನ ಆಯುಷ್ಯದಲ್ಲಿ ಯಾವ ಡಾಕ್ಟರ ಬಾಯಿಂದಲೂ ನಮ್ಮ ಮನೆಯವರು ಆ ಮಾತು ಕೇಳಿದ್ದಿಲ್ಲ. ಹೊರಗೆ ಬೆಂಚಿನ ಮೇಲೆ ಇಮ್ತಿಯಾಜ್ ಕಾಯುತ್ತಿದ್ದರು. ಅವರು ಅವಳ ಹೊಸ ಪಂಪು, ಅದಕ್ಕೆ ಸಿಕ್ಕಿಸುವ ಕೊಳವೆಯನ್ನು ಜೇಬಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಅವಳ ಕೈ ಹಿಡಿದು ನಡೆದರು. ಅವಳು ಸಂಜೆ ಮತ್ತೆ ಆಟಕ್ಕೆ ಹೋದಳು. ಈ ತನಕ ಒಂದು ದಿನವೂ ಆಸ್ಪತ್ರೆಯಲ್ಲಿ ಮಲಗಿಲ್ಲ.

ಕಳೆದ ತಿಂಗಳು ಅಮ್ಮಿ ಬಂದು ನಮ್ಮಲ್ಲಿ ಕೆಲವು ದಿನ ಇದ್ದರು. ಮೊಮ್ಮಗಳ ವಿಷಯ ಅವರಿಗೆ ಹೇಗೆ ಹೇಳುವುದೆಂದು ನನಗೆ ತಿಳಿದಿರಲಿಲ್ಲ. ಹೇಳಬೇಕಾಗಲಿಲ್ಲ. ಬೆಳಿಗ್ಗೆ ಸಾನಿಯಾ ಯೂನಿಫಾರ್ಮ್ ಹಾಕಿ ಬಂದು, ಅಂಗಳದಲ್ಲಿ ಎಲ್ಲರೆದುರು ಕೊಳವೆಗೆ ಬಾಯಿ ಕೊಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಎಳೆದುಕೊಂಡಳು. ಜಡೆ ಹೆಣೆಯುವಷ್ಟೇ ಸಹಜವಾಗಿ. ಅಮ್ಮಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕರವಸ್ತ್ರ ಅವರ ಕೈಯಲ್ಲೇ ಇತ್ತು. ಏನನ್ನೂ ಮುಚ್ಚಲಿಲ್ಲ.

"ಚೆನ್ನಾಗೇ ಇದ್ದಾಳಲ್ಲ?" ಎಂದರು.

"ಚೆನ್ನಾಗಿದ್ದಾಳೆ ಅಮ್ಮಿ. ಇದರಿಂದಲೇ."

ನಾನು ಒಳಗೆ ಹೋಗಬೇಕೆಂದು ತಿರುಗಿದಾಗ ನನ್ನ ತೋಳು ಹಿಡಿದರು.

"ನಿನ್ನ ಅಬ್ಬಾ ಅದನ್ನ ಬಿಡದೇ ಇದ್ದಿದ್ದರೆ?"

ವರ್ಷಗಳಿಂದ ನನ್ನೊಳಗೆ ಓಡಾಡುತ್ತಿದ್ದ ಪ್ರಶ್ನೆ ಅದು. ಅವರಿಗೆ ಅದು ಯಾವತ್ತೂ ಹೊಳೆಯದಿರಲಿ ಎಂದು ನಾನು ದುವಾ ಮಾಡಿದ್ದೆ.

"ನನಗೆ ಗೊತ್ತಿಲ್ಲ ಅಮ್ಮಿ."

ಅವರು ನನ್ನ ಮುಖವನ್ನೇ ನೋಡಿದರು.

"ಗೊತ್ತಿದೆ ನಿನಗೆ" ಎಂದರು. "ಹೇಳಬೇಡ."

ಆಮೇಲೆ ತೋಳು ಬಿಟ್ಟು, ಬಚ್ಚಲಿನಿಂದ ಒಂದು ಚೊಂಬು ನೀರು ತಂದು, ಬ್ಯಾಗು ಹೆಗಲಿಗೇರಿಸುತ್ತಿದ್ದ ಮೊಮ್ಮಗಳ ಮುಂದೆ ನಿಂತರು.

"ಬಾಯಿ ಮುಕ್ಕಳಿಸಿಕೊಂಡು ಹೋಗು" ಎಂದರು.